ಅಪ್ಪನ ಬಿಳಿ ಬಚ್ಚಲು

ಸಾಂಗಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು ಸಂಸ್ಥಾನವಾಗಿದ್ದ ಕಾಲ. ಎರಡೂರಿನ ರಾಜರು ಹೇಗಿದ್ದರೋ ನನಗೆ ಗೊತ್ತಿಲ್ಲ. ಸಾಂಗಲಿಯಲ್ಲಿದ್ದ ನಮ್ಮಪ್ಪನಿಗಂತೂ ಮಿರಜದ ಮೇಲೆ ಒಳಗೊಳಗೇ ಹೊಟ್ಟೆಕಿಚ್ಚು. ಅವನ ಅಕ್ಕನನ್ನು ಕೊಟ್ಟ ಮಿರಜದ ಮನೆಯಲ್ಲಿ ಅಮೃತಶಿಲೆ ಹಾಸಿದ ಬಚ್ಚಲಿತ್ತು. ನಾಗರ ಪಂಚಮಿಗೆ ತವರಿಗೆ ಬಂದಾಗಲೆಲ್ಲ ಅತ್ತೆ ನಮ್ಮ ಪಾಚಿಗಟ್ಟಿದ ಬಚ್ಚಲಲ್ಲಿ ಹೆಜ್ಜೆ ಊರುತ್ತ, "ನಮ್ಮ ಮಿರಜದಾಗ ಹಿಂಗಿಲ್ಲಪಾ" ಅನ್ನುವಳು. ತಾಯಿ ಸತ್ತ ಮೇಲೆ ಅಪ್ಪನನ್ನು ಎತ್ತಿ ಆಡಿಸಿದವಳು ಅವಳೇ. ಅವಳ ಬಾಯಿಂದ ಒಮ್ಮೆಯಾದರೂ "ಚಲೋ ಆಗೇತಿ" ಅನ್ನಿಸಿಕೊಳ್ಳಬೇಕೆಂಬ ಆಸೆ ಅಪ್ಪನಿಗೆ.

ಆ ವರ್ಷ ಪಂಚಮಿ ಹತ್ತಿರ ಬಂದಾಗ ಕಲ್ಲಿನ ವ್ಯಾಪಾರಿ ಬೂದು ಶಹಾಬಾದಿ, ಕರಿ ಕಡಪಾ, ಬಿಳಿ ಅಮೃತಶಿಲೆ ತಂದು ಅಂಗಳದಲ್ಲಿಟ್ಟ. ಅವ್ವ ಎಲ್ಲದರ ಮೇಲೂ ಸೀಗೆಕಾಯಿ ನೀರು ಸುರಿದು, ಕಾಲಿಟ್ಟು ನೋಡಿ, "ಶಹಾಬಾದಿ ಕಾಲು ಹಿಡಿತೈತಿ, ಇದ ಇರಲಿ" ಎಂದಳು. ಅಪ್ಪ ಬಿಳಿ ಕಲ್ಲಿನ ಮೇಲೆ ಬಗ್ಗಿ, "ಹೊಳಪು ಇನ್ನಷ್ಟ ಬರಲಿ. ಅದರಾಗ ಮೀಸಿ ಕಾಣಬೇಕು" ಎಂದ.

"ಬಚ್ಚಲದಾಗ ಮೀಸಿ ಯಾರು ನೋಡ್ತಾರ್ರಿ? ಮೂಗಿಗಿಂತ ಮೂಗುತಿ ಭಾರ ಆತು."

ಯಾರು ಕೇಳಬೇಕು! ಬಿಳಿ ಕಲ್ಲೇ ಬಂತು. ಸಬಕಾರ ಇಡಲು ಕಮಲ ಕೆತ್ತಿದ ಗೂಡು ಬಂತು. ಮನೆಗೆ ನಳದ ನೀರೇ ಇರಲಿಲ್ಲ, ಆದರೂ ಗೋಡೆಗೆ ಹಿತ್ತಾಳೆಯ ನಳ ಬಂತು. ಅಕ್ಕ ಜಳಕ ಮಾಡುವ ತನಕ ಯಾರೂ ಕಾಲಿಡಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ. ನಾವೆಲ್ಲ ಬಾವಿಕಟ್ಟೆಯ ಮೇಲೆ ಮೈ ತೊಳೆದೆವು.

ತಡೆಯಲಾರದೆ ಹೋದವನು ಅವನೇ. ಹಬ್ಬದ ಹಿಂದಿನ ಸಂಜೆ, ಅರಿಶಿಣದ ಪೇಟೆಯಿಂದ ಮೊಳಕಾಲವರೆಗೆ ಹಳದಿಯಾಗಿ ಬಂದವನು ಬಚ್ಚಲಿಗೆ ಹೊಕ್ಕು ಸಬಕಾರದ ನೊರೆ ಹಚ್ಚಿ ಕಾಲು ತೊಳೆದ. ಮರುಗಳಿಗೆಯೇ "ಅಯ್ಯಯ್ಯೋ ರಕ್ತ!" ಎಂದು ಕೂಗಿದ. ಓಣಿಯೇ ಓಡಿ ಬಂತು. ನೆರೆಮನೆಯ ಮುದುಕ ತನ್ನ ರುಮಾಲು ಬಿಚ್ಚಿ ಅಪ್ಪನ ಕಾಲಿಗೆ ಬಿಗಿದೇಬಿಟ್ಟ. ಮುತ್ತಜ್ಜನ ಕಾಲದಿಂದ ಅರಿಶಿಣ ಮಾರುವ ಮನೆ ನಮ್ಮದು. ಅರಿಶಿಣಕ್ಕೆ ಸಬಕಾರ ತಾಗಿದರೆ ಕೆಂಪಾಗುತ್ತದೆಂದು ನನಗೂ ಗೊತ್ತಿತ್ತು! ಅಪ್ಪ ಗಾಬರಿಯಲ್ಲಿ ಬಿಳಿ ಕಲ್ಲಿಗೆ ಬಟ್ಟೆ ಒಗೆಯುವ ಸೋಡಾ ಹಾಕಿ ತಿಕ್ಕಿದ. ಇನ್ನಷ್ಟು ಕೆಂಪಾಯಿತು.

ಮರುದಿನ ಅತ್ತೆ ಬಂದಾಗ ಅಪ್ಪ ಬಚ್ಚಲ ಬಾಗಿಲಿಗೆ ಅಡ್ಡ ನಿಂತ. ಅವಳು ಅವನನ್ನು ಸರಿಸಿ ಒಳಗೆ ಹೋದಳು. ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ.

"ಕೆಟ್ಟು ಹೋತು ಅಕ್ಕಾ. ನಿಮ್ಮನಿ ಬಚ್ಚಲದಂಗ ಆಗಲಿಲ್ಲ."

ಅತ್ತೆ ಕುಕ್ಕರಗಾಲಲ್ಲಿ ಕುಳಿತು ಕೆಂಪು ಕಲ್ಲನ್ನು ಅಂಗೈಯಿಂದ ಸವರಿದಳು.

"ಅದು ಗಂಡಸರ ಬಚ್ಚಲೋ ತಮ್ಮಾ. ತಿಕ್ಕಿ ತೊಳ್ಯಾಕಷ್ಟ ನಾ ಅದರಾಗ ಹೋಗೂದು. ನಾವು ಹೆಂಗಸರು ಹಿತ್ತಲದಾಗ ಸೀರಿ ಅಡ್ಡ ಕಟ್ಟಿ ಮೈ ತೊಳಕೋತೀವಿ." ಆಮೇಲೆ ಮೆಲ್ಲಗೆ ಕೇಳಿದಳು, "ಇದರಾಗ ನಾ ಜಳಕ ಮಾಡ್ಲ್ಯಾ?"

"ನಿನಗಂತನ ಮಾಡಿಸೇನಿ" ಅನ್ನುವುದರೊಳಗೆ ಅಪ್ಪ ಕಣ್ಣು ಒರೆಸಿಕೊಳ್ಳಬೇಕಾಯಿತು. ನನಗೂ ಅಳು ಬಂತು.

ಅತ್ತೆ ಚಿಲಕ ಹಾಕಿಕೊಂಡಳು. ಹೊತ್ತು ನೆತ್ತಿಗೇರಿತು. ನಾವೆಲ್ಲ ಹಬ್ಬದ ಉಂಡಿ ಮುಂದಿಟ್ಟುಕೊಂಡು ಹಸಿದು ಕೂತಿದ್ದೆವು. ಒಲೆಗೆ ಕಟ್ಟಿಗೆ ಹಾಕಿ ಹಾಕಿ ಬೆವೆತಿದ್ದ ಅಪ್ಪ ಕಡೆಗೊಮ್ಮೆ ಬಾಗಿಲು ಬಡಿದ.

"ಅಕ್ಕಾ, ಕಲ್ಲು ಹೆಂಗೈತಿ?"

"ಸುಮ್ನಿರೋ," ಒಳಗಿಂದ ಅತ್ತೆ ಎಂದಳು, "ಇನ್ನೊಂದು ಹಂಡೆ ನೀರು ಕಾಸು."