ನೀರಿನ ಟಾಕಿಗೆ ಬುದ್ಧಿ ಬಂದದ್ದು

ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದ ನನ್ನನ್ನು ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗ ಮಾಡಿದರು. ಎರಡು ಸಾವಿರದ ಇಸವಿ ದಾಟಿದ ಹೊಸತು. ಪ್ರತಾಪ ನಗರದಲ್ಲಿ ಮಹಡಿಯ ಮೇಲೆ ಬಾಡಿಗೆ ಮನೆ, ಕೆಳಗೆ ಮನೆಯೊಡತಿ ಕಾಕು. ಮೊದಲ ಬೇಸಿಗೆಯಲ್ಲೇ ತಿಳಿಯಿತು, ಈ ಊರಿನ ಕೂಲರುಗಳಿಗೆ ಎಮ್ಮೆಯ ಬಾಯಾರಿಕೆ. ಹೊತ್ತುಹೊತ್ತಿಗೆ ತಾರಸಿ ಹತ್ತಿ ಟಾಕಿ ನೋಡುವುದು, ಇಳಿದು ಮೋಟಾರು ಹಾಕುವುದು ನನ್ನ ಪಾಲಿನ ಕೆಲಸವಾಯಿತು.

ಸೋಮಾರಿಗೆ ಉಪಾಯಗಳು ಬೇಗ ಹೊಳೆಯುತ್ತವೆ. ಟಾಕಿಗೂ ಮನೆಯ ಎರಡು ಕೂಲರುಗಳಿಗೂ ತೇಲುವ ಸ್ವಿಚ್ಚು ಕಟ್ಟಿ, ತಂತಿ ಎಳೆದು, ನಡುಮನೆಯಲ್ಲಿದ್ದ ಹೊಸ ಕಂಪ್ಯೂಟರಿಗೆ ಜೋಡಿಸಿದೆ. ನೀರೆಷ್ಟಿದೆ ಎಂದು ಸ್ವಿಚ್ಚುಗಳು ಹೇಳಬೇಕು, ಮೋಟಾರನ್ನು ಕಂಪ್ಯೂಟರು ನಡೆಸಬೇಕು. ಒಂದು ವಾರ ಕಾಲು ಚಾಚಿ ಕೂತೆ.

ಭಾನುವಾರ ಮಧ್ಯಾಹ್ನ ಮಗಳು ಆ ಕಂಪ್ಯೂಟರಿನಲ್ಲೇ ಇಸ್ಪೀಟಾಡುತ್ತಿದ್ದಾಗ ಪರದೆ ಗಕ್ಕನೆ ನಿಂತಿತು. ಮೋಟಾರು ನಿಲ್ಲಲಿಲ್ಲ, ನಿಲ್ಲು ಎನ್ನಬೇಕಾದ ಕಂಪ್ಯೂಟರೇ ಮೂರ್ಛೆ ಹೋಗಿತ್ತು.

“ಅಹೋ ಸಾಹೇಬ, ಮಾಝೆ ಪಾಪಡ ಪೋಹತಾಯತ!” ಎಂದು ಕಾಕು ತಾರಸಿಯಿಂದ ಕೂಗಿದರು.

ಓಡಿದೆ. ಟಾಕಿ ಉಕ್ಕಿ, ಬಿಸಿಲಿಗೆ ಹರವಿದ್ದ ಅವರ ಹಪ್ಪಳಗಳು ನಿಜವಾಗಿಯೂ ಈಜುತ್ತಿದ್ದವು. ನಾನು ಬೊಗಸೆಯಲ್ಲಿ ಹಿಡಿಯಹೋದರೆ ಕೈಯಲ್ಲೇ ಹಿಟ್ಟಾದವು.

ಹಿಂದೆಯೇ ಬಂದ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೇಳಿದಳು: “ಅಲ್ರೀ, ಟಾಕಿ ತುಂಬಿದ್ದು ಟಾಕಿಗೇ ಗೊತ್ತೈತಿ. ಅದ್ಯಾಕ ಕೆಳಗಿನ ಡಬ್ಬೀನ ಕೇಳ್ಕೊಂತ ಕೂಡಬೇಕು?”

ಅವಳು ಹೇಳಿದ್ದೇ ಸರಿಯಾಗಿತ್ತು.

ಮರುದಿನ ಸೀತಾಬರ್ಡಿ ಪೇಟೆಗೆ ಹೋಗಿ, ಪುಟ್ಟ ಕಂಪ್ಯೂಟರಿನಂತೆ ಕೆಲಸ ಮಾಡುವ ಉಗುರಿನಗಲದ ಮೂರು ಚಿಪ್‌ ತಂದೆ. ಒಂದನ್ನು ಟಾಕಿಯ ಪಕ್ಕ ಡಬ್ಬಿಯಲ್ಲಿಟ್ಟೆ: ತುಂಬಿದರೆ ಮೋಟಾರು ನಿಲ್ಲಿಸುವುದು ಅದರದೇ ಅಧಿಕಾರ, ಕಂಪ್ಯೂಟರಿಗೆ ಬರೀ ಸುದ್ದಿ ಮುಟ್ಟಿಸಿದರೆ ಸಾಕು. ಕೂಲರುಗಳಿಗೂ ಒಂದೊಂದು. ಆಗ ಹೊಸ ತಕರಾರು. ಸ್ವಂತ ಬುದ್ಧಿ ಬಂದದ್ದೇ ತಡ, ಕೂಲರುಗಳೆರಡೂ ಒಟ್ಟಿಗೆ ನೀರೆಳೆದು ಸ್ನಾನಕ್ಕೆ ನಿಂತ ನನ್ನನ್ನು ಸೋಪಿನಲ್ಲೇ ಬಿಟ್ಟವು. ಟಾಕಿಯಿಂದ ಕೂಲರುಗಳಿಗೆ ಇನ್ನೊಂದು ತಂತಿ ಎಳೆದು, ನೀರು ಕಡಿಮೆಯಿದ್ದರೆ ತಡೆಯಿರಿ ಎಂದು ಅದೇ ಅವಕ್ಕೆ ಹೇಳುವಂತೆ ಮಾಡಿದೆ. ಆಮೇಲೆ ಕಂಪ್ಯೂಟರು ಆರಿಸಿದರೂ ಮನೆ ತನ್ನಷ್ಟಕ್ಕೆ ನಡೆಯಿತು.

ಆ ವಾರ ನಾನೂ ಹೆಂಡತಿಯೂ ಕಾಕುವಿನ ಪಡಸಾಲೆಯಲ್ಲಿ ಕೂತು, ಹಾಳಾದವುಗಳ ಬದಲಿಗೆ ಹೊಸ ಹಪ್ಪಳ ಒತ್ತಿದೆವು. ನನ್ನವು ವಿದರ್ಭದ ನಕಾಶೆಯಂತಿದ್ದವು. ಕಾಕು ನಕ್ಕು, ಪಕ್ಕದಲ್ಲಿರುವ ತಂಗಿಯ ಮನೆಯ ಟಾಕಿಗೂ ಅಂಥದ್ದೇ ಡಬ್ಬಿ ಬೇಕೆಂದರು. ಕಟ್ಟಿಕೊಟ್ಟೆ. ತಂಗಿ ಮಾತ್ರ ಅದನ್ನು ನಂಬಲಿಲ್ಲ. ದಿನಾ ಏಣಿ ಹತ್ತಿ, ಕೈ ಅದ್ದಿ ನೋಡಿಯೇ ಇಳಿಯುತ್ತಿದ್ದರು.