ಹುಳದ ಮನೆ ಬಾಗಿಲಲ್ಲಿ ಸೂಪರ್‌ಹೀರೋ

ಶಿಡ್ಲಘಟ್ಟದ ಹತ್ತಿರದ ಶಾಲೆಯೊಂದಕ್ಕೆ ಮಕ್ಕಳಿಗೆ ಚಿತ್ರ ಬರೆದು ಕಥೆ ಕಟ್ಟೋದನ್ನ ಕಲಿಸಲು ಹೋಗ್ತಿದ್ದೆ. ಒಂದಿನ, ನಿಮ್ಮದೇ ಸೂಪರ್‌ಹೀರೋ ಬರೀರಿ ಅಂದೆ. ಚಿಕ್ಕವಳಿದ್ದಾಗಿನ ನನ್ನ ಹಾಗೇ ಕ್ಲಾಸಲ್ಲಿ ಬಾಯಿ ಬಿಡದ ಭವ್ಯ ಮೊದಲ ಸಲ ಎದ್ದು ಕಥೆ ಹೇಳಿದಳು. ಅವರ ರೇಷ್ಮೆಹುಳದ ಮನೆಗೆ ಊಜಿ ನೊಣ ನುಗ್ಗಿದೆ. ಹುಳದ ಮೇಲೆ ಅದು ಮೊಟ್ಟೆ ಇಟ್ಟರೆ ಬೆಳೆಯೇ ಹೋಯಿತು. ಹೀರೋ ಹಾರಿ ಬಂದ. ಚಿತ್ರದಲ್ಲಿ ಮಾತ್ರ ಅವನು ಬಾಗಿಲಾಚೆ ಕಾಲು ತೊಳೀತಿದ್ದ.

“ಅಷ್ಟರಲ್ಲಿ ನೊಣ ಮೊಟ್ಟೆ ಇಡಲ್ವಾ?” ಅಂದೆ.

“ಕಾಲು ತೊಳೀದೆ ಅಮ್ಮ ಯಾರ್ನೂ ಒಳಗೆ ಬಿಡಲ್ಲ ಮಿಸ್.”

“ಹಾರ್ಕೊಂಡ್ ಬಂದೋನ ಕಾಲಿಗೆ ಮಣ್ಣೆಲ್ಲಿಂದ ಬಂತೇ?” ಪಕ್ಕದ ಹುಡುಗಿ ಕಿಚಾಯಿಸಿದಳು. ಎಲ್ಲರೂ ನಕ್ಕರು. ಭವ್ಯ ಕೂತುಬಿಡ್ತಾಳೇನೋ ಅಂತ ನನಗೆ ದಿಗಿಲು.

ಅವಳು ಯೋಚಿಸಿ, “ಹೌದು ಕಣೇ, ಧೂಳಿರೋದು ಕೇಪಲ್ಲಿ” ಅಂದವಳೇ ಅವನ ಬೆನ್ನಿನ ಕೇಪನ್ನು ರಬ್ಬರಲ್ಲಿ ಅಳಿಸಿ, ಹೊರಗೆ ಬಟ್ಟೆ ಒಣಗಿಸೋ ತಂತಿ ಮೇಲೆ ನೇತಾಡೋ ಹಾಗೆ ಬರೆದಳು. “ಅವನು ಒಳಗೆ ಹೋಗೋಷ್ಟ್ರಲ್ಲಿ ಅಮ್ಮನೇ ನೊಣ ಹೊಡ್ದಾಕಿದ್ಲು ಮಿಸ್. ಕಥೆ ಮುಗೀತು.”

ಸಂಜೆ ಆ ಚಿತ್ರ ತೋರಿಸೋಣ ಅಂತ ಅವರ ಮನೆಗೆ ಹೋದೆ. ಹುಳದ ಮನೆ ಬಾಗಿಲಲ್ಲೇ ಭವ್ಯಳ ಅಮ್ಮ ತಡೆದರು. “ಸೆಂಟ್ ಹಾಕ್ಕೊಂಡಿದ್ದೀರಲ್ಲಮ್ಮ, ಹುಳಕ್ಕಾಗಲ್ಲ. ಅಲ್ಲೇ ನಿಂತ್ಕೊಳ್ಳಿ.”

ನಿಂತೆ. ಕೇಪಾಗಿದ್ದರೆ ಬಿಚ್ಚಿ ತಂತಿ ಮೇಲಾದರೂ ಹಾಕಬಹುದಿತ್ತು.