ಕುಂಕುಮ ನಿಲ್ಲದ ಕಾರು

ಹಿಂದಿನ ಆಯುಧಪೂಜೆಯ ಕುಂಕುಮ ನಮ್ಮ ಬಿಳಿ ಕಾರಿನ ಮೇಲೆ ಕಲೆ ಉಳಿಸಿತ್ತು. ಹಾಗಾಗಿ ಈ ಸಲ ಹಬ್ಬದ ಮುನ್ನಾದಿನವೇ ಸಿದ್ಧಾರ್ಥನಗರದ ನಮ್ಮ ಮನೆ ಮುಂದೆ ಶಾಂಪೂ ಹಾಕಿ ತೊಳೆದು, ಮೇಣದ ಪಾಲಿಶ್ ಹಚ್ಚಿ, ತೋಳು ನೋಯುವ ತನಕ ಉಜ್ಜಿದೆ.

ಮರುದಿನ ಪೂಜೆಗೆ ಬಂದ ಅರ್ಚಕರು ನೀರಲ್ಲಿ ಕಲಸಿದ ಕುಂಕುಮವನ್ನು ಬಾನೆಟ್ಟಿಗೆ ಇಟ್ಟರು. ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು.

“ಇದಕ್ಕೇನ್ರೀ ಹಚ್ಚಿದ್ದೀರಿ?”

“ಮೇಣ. ಇನ್ನು ಏನೂ ಅಂಟಲ್ಲ,” ಎಂದೆ, ಹೆಮ್ಮೆಯಿಂದಲೇ.

ಅವರು ಒಂದು ಕ್ಷಣ ಯೋಚಿಸಿ, ಬಟ್ಟಲಲ್ಲಿ ಉಳಿದಿದ್ದನ್ನೆಲ್ಲ ನನ್ನ ಹಣೆಗೆ ಬಳಿದರು.

“ನಿಮಗೆ ಮೇಣ ಹಚ್ಚಿಲ್ವಲ್ಲ, ಸಾಕು ಬಿಡಿ. ಹೋಗಿ ಗುದ್ದೋದು ಕಾರಲ್ಲ ಕಣ್ರೀ, ನೀವು.”

ಅಲ್ಲಿಯವರೆಗೂ ಪಕ್ಕದಲ್ಲಿ ಕೈಕಟ್ಟಿ ನೋಡುತ್ತಿದ್ದ ನನ್ನ ಹೆಂಡತಿ ಆಗ ಕಣ್ಮುಚ್ಚಿ, ಭಕ್ತಿಯಿಂದ ಕೈ ಮುಗಿದಳು.